ಮನೆಯಲ್ಲಿ ಕೋವಿ: ಇಡುವ ಮೊದಲು, ಇಟ್ಟ ಮೇಲೆ

ಪುತ್ತೂರು, ಸುಳ್ಯ, ಬೆಳ್ತಂಗಡಿ, ಕಾರ್ಕಳ, ಹೆಬ್ರಿ ಕಡೆಯ ತೋಟದ ಮನೆಗಳಿಗೆ ಕೋವಿ ಹೊಸತಲ್ಲ. ತುಳುವಿನಲ್ಲಿ ಬೆಡಿ ಎನ್ನುತ್ತೇವೆ. ಅಜ್ಜನ ಕೋವಿ ಅಪ್ಪನಿಗೆ ಬಂದು, ಈಗ ಮಗನ ಹೆಸರಿಗೆ ಆಗಬೇಕು ಎಂದು ಕಡತ ಹಿಡಿದು ಓಡಾಡುವವರು ಬಹಳ ಮಂದಿ. ಹೊಸದಾಗಿ ಅರ್ಜಿ ಹಾಕುವವರಾಗಲಿ, ಹಳೆಯದನ್ನು ಉಳಿಸಿಕೊಳ್ಳುವವರಾಗಲಿ, ಮೊದಲು ಮನೆಯವರೆಲ್ಲ ಕೂತು ಒಂದು ವಿಷಯ ತೀರ್ಮಾನಿಸಿ. ಈ ಕೋವಿ ಬೇಕಾಗಿರುವುದು ತೋಟಕ್ಕೋ, ಹೆದರಿಕೆಗೋ?

ತೋಟಕ್ಕೆ ಎಂದಾದರೆ ಮುಂದೆ ಓದಿ. ಕಳ್ಳರ ಹೆದರಿಕೆಗೆ ಎಂದಾದರೆ ಸ್ವಲ್ಪ ನಿಲ್ಲಿ. ಕಳ್ಳ ಬಂದಾಗ ಕೈಗೆ ಸಿಗಬೇಕಾದರೆ ಕೋವಿಯನ್ನು ತುಂಬಿಸಿ, ಬೀಗ ಹಾಕದೆ, ಹಾಸಿಗೆಯ ಹತ್ತಿರ ಇಡಬೇಕು. ಹಾಗೆ ಇಟ್ಟ ಕೋವಿ ಮೊದಲು ಸಿಗುವುದು ಮನೆಯ ಮಗುವಿಗೆ, ಕುಡಿದು ಬಂದವರಿಗೆ, ಇಲ್ಲವೇ ಮನಸ್ಸು ಕೆಟ್ಟು ಕೂತವರಿಗೆ. ಸರಿಯಾಗಿ ಬೀಗ ಹಾಕಿಟ್ಟರೆ ಕಳ್ಳ ಬಂದ ಹೊತ್ತಿಗೆ ಅದು ಕೈಗೆ ಬರುವುದಿಲ್ಲ. ಎರಡನ್ನೂ ಸಾಧಿಸುವ ಉಪಾಯ ಇಲ್ಲ. ರಾತ್ರಿಯ ಭಯಕ್ಕೆ ಅಂಗಳದ ದೀಪ, ನಾಯಿ, ಒಳಗಿನಿಂದ ಭದ್ರ ಚಿಲಕ, 112ಕ್ಕೆ ಕರೆ, ಹತ್ತಿರದ ನಾಲ್ಕು ಮನೆಯವರ ಫೋನ್ ನಂಬರು, ಇಷ್ಟೇ ನಮ್ಮ ಸಲಹೆ. ಆತ್ಮರಕ್ಷಣೆಯ ಹಕ್ಕು ಕಾನೂನಿನಲ್ಲಿ ಇದೆ. ಆದರೆ ಎದುರಿನ ಅಪಾಯಕ್ಕೆ ಬೇಕಾದಷ್ಟೇ ಬಲ ಬಳಸಬೇಕು. ಬಾಳೆಗೊನೆ ಕದ್ದು ಓಡುವವನ ಬೆನ್ನಿಗೆ ಈಡು ಹೊಡೆದರೆ ಜೈಲಿಗೆ ಹೋಗುವವರು ತೋಟದ ಯಜಮಾನರೇ.

ಮನೆಯಲ್ಲಿ ಒಬ್ಬರಿಗೆ ಕೋವಿ ಎಂದರೆ ಆಗುವುದಿಲ್ಲ ಎಂದಾದರೆ ಆ ಮಾತಿಗೆ ಬೆಲೆ ಕೊಡಿ. "ಹೆಂಗಸರಿಗೆ ಸುಮ್ಮನೆ ಹೆದರಿಕೆ" ಎಂದು ತಳ್ಳಿಹಾಕುವ ಅಭ್ಯಾಸ ನಮ್ಮಲ್ಲಿದೆ. ಯಾರ ಸಿಟ್ಟು ಎಲ್ಲಿಯವರೆಗೆ ಹೋಗುತ್ತದೆ, ಯಾರು ಎಷ್ಟು ಕುಡಿಯುತ್ತಾರೆ ಎಂದು ಸರಿಯಾಗಿ ಗೊತ್ತಿರುವುದು ಅವರಿಗೇ.

ಲೈಸೆನ್ಸಿನ ಕೆಲಸ

1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು ಇಲ್ಲಿ ಅನ್ವಯ. ಕೊಡವರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿ ಸಂಪಾಜೆ ಘಾಟಿ ಇಳಿದು ನಮಗೆ ಬರುವುದಿಲ್ಲ, ಅದನ್ನು ನಂಬಿ ಯಾರೂ ಕೆಡಬೇಡಿ. ಬೆಳೆ ರಕ್ಷಣೆಗೆ ಸಾಮಾನ್ಯವಾಗಿ ಸಿಗುವುದು ಕೇಪಿನ ಕೋವಿ (ನಳಿಕೆಯ ಬಾಯಿಯಿಂದ ಮಸಿ, ಎಂದರೆ ಕೋವಿಮದ್ದು, ತುಂಬಿ ಕೇಪು ಇಟ್ಟು ಹೊಡೆಯುವುದು), ಇಲ್ಲವೇ 12 ಬೋರಿನ ಒಂಟಿ ನಳಿಕೆ ಅಥವಾ ಜೋಡಿ ನಳಿಕೆಯ ತೋಟೆ (ಕಾರ್ಟ್ರಿಜ್) ಕೋವಿ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಮಂಗಳೂರು ನಗರ ಪೊಲೀಸ್ ವ್ಯಾಪ್ತಿಯವರಿಗೆ ಪೊಲೀಸ್ ಆಯುಕ್ತರ ಕಚೇರಿ, ದಕ್ಷಿಣ ಕನ್ನಡ ಜಿಲ್ಲೆಯ ಉಳಿದವರಿಗೆ ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿ, ಉಡುಪಿ ಜಿಲ್ಲೆಯವರಿಗೆ ಮಣಿಪಾಲದ ರಜತಾದ್ರಿಯ ಜಿಲ್ಲಾಧಿಕಾರಿ ಕಚೇರಿ. ಗುರುತು ಮತ್ತು ವಿಳಾಸದ ದಾಖಲೆ, ಪಹಣಿ, ದೇಹ ಮತ್ತು ಮನಸ್ಸಿನ ಆರೋಗ್ಯದ ವೈದ್ಯರ ಸರ್ಟಿಫಿಕೇಟ್, ಕೋವಿ ಬಳಕೆಯ ತರಬೇತಿಯ ಪತ್ರ, ಭದ್ರವಾಗಿ ಇಡುತ್ತೇನೆ ಎಂಬ ಮುಚ್ಚಳಿಕೆ ಜೋಡಿಸಿಕೊಳ್ಳಿ. ನಂತರ ಠಾಣೆಯಿಂದ ವರದಿ ಹೋಗುತ್ತದೆ.

2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸಿನ ಅವಧಿ 5 ವರ್ಷ. ಮುಗಿಯುವ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಎರಡು ತಿಂಗಳಿಗಿಂತ ಮುಂಚೆಯೇ ನವೀಕರಣಕ್ಕೆ ಕೊಡಿ. ಅವಧಿ ಮುಗಿದ ಮರುದಿನವೂ ಕೋವಿ ಮನೆಯಲ್ಲೇ ಇದ್ದರೆ ಅದು ಲೈಸೆನ್ಸ್ ಇಲ್ಲದ ಕೋವಿಯೇ. ಲೈಸೆನ್ಸ್ ಇಲ್ಲದ ಕೋವಿಗೆ 2ರಿಂದ 5 ವರ್ಷದವರೆಗೆ ಸೆರೆ, ಮೇಲೆ ದಂಡ. ಕುಲುಮೆಯಲ್ಲಿ ಮಾಡಿಸಿದ ನಾಡಕೋವಿಗೂ ಇದೇ ಶಿಕ್ಷೆ. ಅದರ ನಳಿಕೆ ಎಷ್ಟು ಒತ್ತಡ ತಡೆಯುತ್ತದೆ ಎಂದು ಮಾಡಿದವನಿಗೂ ಗೊತ್ತಿರುವುದಿಲ್ಲ, ಸಿಡಿದರೆ ಹೋಗುವುದು ಹಿಡಿದವರ ಕಣ್ಣು ಮತ್ತು ಎಡಗೈ.

ಒಂದು ತಪ್ಪು ತಿಳಿವಳಿಕೆ ಊರಿಡೀ ಇದೆ: ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದರೆ ತೋಟಕ್ಕೆ ಬಂದ ಪ್ರಾಣಿಯನ್ನು ಹೊಡೆಯಬಹುದು ಎಂದು. ಹೊಡೆಯುವಂತಿಲ್ಲ. ಲೈಸೆನ್ಸು ಕೋವಿ ಇಟ್ಟುಕೊಳ್ಳಲು ಮಾತ್ರ. ಪ್ರಾಣಿಯ ವಿಷಯಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆಯೇ ಇದೆ. ಮಂಗ, ನವಿಲು, ಕಾಡುಕೋಣ ಮೂರೂ ಮೊದಲ ಅನುಸೂಚಿಯಲ್ಲಿವೆ. ಬೆಳೆ ತಿಂದವು ಎಂಬ ಕಾರಣಕ್ಕೆ ಅವನ್ನು ಕೊಲ್ಲಲು ಅನುಮತಿಯೇ ಇಲ್ಲ. ಹಂದಿ ಎರಡನೆಯ ಅನುಸೂಚಿಯಲ್ಲಿದೆ. ಅದಕ್ಕೂ ಅಧಿಕಾರ ಪಡೆದ ಅರಣ್ಯಾಧಿಕಾರಿಯ ಲಿಖಿತ ಆದೇಶ ಬೇಕು. ಹಾಗಾಗಿ ಕೋವಿಯಿಂದ ತೋಟಕ್ಕೆ ಆಗುವ ಉಪಯೋಗ ಅದರ ಶಬ್ದ. ಹಾಳಾದ ಬಾಳೆ, ಅಡಿಕೆ ಸಸಿಗಳ ಫೋಟೋ ಅದೇ ದಿನ ತೆಗೆದು, ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡುವುದನ್ನೂ ರೂಢಿ ಮಾಡಿಕೊಳ್ಳಿ. ಹಂದಿಯ ದಾರಿಗೆ ಹಗ್ಗ ಕಟ್ಟಿ ಕೋವಿ ಹೂಡುವ ಕ್ರಮವಂತೂ ಸುತರಾಂ ಬೇಡ. ಆ ಹಗ್ಗಕ್ಕೆ ಕಾಲು ಕೊಡುವುದು ಬೆಳಿಗ್ಗೆ ಸೊಪ್ಪಿಗೆ ಹೋದವರೂ ಆಗಬಹುದು.

ಇಡುವ ಜಾಗ

ಅಟ್ಟದ ಮೂಲೆ, ಬಾಗಿಲ ಹಿಂದಿನ ಮೊಳೆ, ಮಂಚದ ಅಡಿ, ಈ ಮೂರೂ ಕೂಡದು. ಮಕ್ಕಳಿಗೆ ಗೊತ್ತಿಲ್ಲ ಎಂದು ದೊಡ್ಡವರು ನಂಬಿರುವ ಜಾಗಗಳೇ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತವೆ. ಅಡಗಿಸುವುದರಿಂದ ಕಾವಲಾಗುವುದಿಲ್ಲ, ಬೀಗವೇ ಬೇಕು.

ಉದ್ದದ ಸ್ಟೀಲ್ ಪೆಟ್ಟಿಗೆ ಅಥವಾ ಕಪಾಟು ಮಾಡಿಸಿ, ಬೀಗ ಒಳಬದಿಯದ್ದಾಗಿರಲಿ. ಅದನ್ನು ಗೋಡೆಗೆ ಬೋಲ್ಟ್ ಮಾಡಬೇಕು, ಇಲ್ಲದಿದ್ದರೆ ಕಳ್ಳ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗುತ್ತಾನೆ. ನಮ್ಮ ಕೆಂಪುಕಲ್ಲಿನ ಗೋಡೆಯಲ್ಲಿ ಎಲ್ಲರೂ ಎಡವುವುದು ಇಲ್ಲೇ. ಕಲ್ಲು ಮೆದು, ಒಳಗೆ ತೂತು ತೂತು. ಒಳಗೆ ಅರಳಿ ಹಿಡಿಯುವ ಆಂಕರ್ ಬೋಲ್ಟ್ ಹಾಕಿದರೆ ತೂತಿನ ಅಂಚು ಪುಡಿಯಾಗಿ, ಜೋರಾಗಿ ಎಳೆದರೆ ಕಿತ್ತು ಬರುತ್ತದೆ. ಗೋಡೆಯ ಆಚೆ ಬದಿಗೆ ಹಾಯಿಸಿ, ಅಲ್ಲಿ ಕಬ್ಬಿಣದ ತಗಡು ಕೊಟ್ಟು ನಟ್ಟು ಬಿಗಿಸಿ. 10 ಮಿಲಿಮೀಟರಿನ ನಾಲ್ಕು ಬೋಲ್ಟ್ ಸಾಕು. ಅದಕ್ಕೆ ಅವಕಾಶ ಇಲ್ಲದಿದ್ದರೆ ಕಲ್ಲನ್ನು ಕೊರೆದು ಕಾಂಕ್ರೀಟ್ ತುಂಬಿಸಿ, ಅದು ಗಟ್ಟಿಯಾದ ಮೇಲೆ ಬೋಲ್ಟ್ ಹಾಕಿ.

ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬೀಗ. ತೋಟೆ ಕೋವಿಯಾದರೆ ನಳಿಕೆಯನ್ನು ಬಿಚ್ಚಿ ಹಿಡಿಯಿಂದ ಬೇರ್ಪಡಿಸಿ ಇಡುವುದು ಇನ್ನೂ ಉತ್ತಮ, ಎರಡು ನಿಮಿಷದ ಕೆಲಸ. ಕೇಪಿನ ಕೋವಿಯಾದರೆ ಕೇಪಿನ ಡಬ್ಬಿಯನ್ನೂ ಮಸಿಯನ್ನೂ ಒಲೆ, ದೇವರ ದೀಪ, ಇನ್ವರ್ಟರ್ ಬ್ಯಾಟರಿಗಳಿಂದ ದೂರ, ಒಂದರಿಂದ ಇನ್ನೊಂದನ್ನು ಬೇರೆಯಾಗಿ ಇಡಿ. ಕೀಲಿಕೈ ಲೈಸೆನ್ಸ್ ಇರುವವರ ಮೈಮೇಲೆ ಇರಬೇಕು. ಕ್ಯಾಲೆಂಡರಿನ ಹಿಂದೆ ನೇತು ಹಾಕಿದ ಕೀಲಿಕೈ ಇದ್ದೂ ಇಲ್ಲದ ಹಾಗೆ.

ಕೋವಿ ಪೆಟ್ಟಿಗೆಗೆ ಹೋಗುವ ಮುಂಚೆ ಖಾಲಿ ಎಂದು ಖಚಿತ ಮಾಡಿಕೊಳ್ಳಿ. ತೋಟೆ ಕೋವಿಯನ್ನು ಮಡಚಿ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ. ಕೇಪಿನ ಕೋವಿಯ ವಿಷಯ ಕಷ್ಟ, ಒಳಗೆ ಮಸಿ ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಹೊಸದಾಗಿ ತೊಳೆದು ಖಾಲಿ ಇರುವ ದಿನ ಗಜವನ್ನು (ಮಸಿ ಗಿಡಿಯುವ ಉದ್ದದ ಕೋಲು) ನಳಿಕೆಯ ತಳದವರೆಗೆ ಇಳಿಸಿ, ನಳಿಕೆಯ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಆಳವಾದ ಒಂದು ಗೀರು ಹಾಕಿಡಿ. ಮುಂದೆ ಯಾವಾಗ ಇಳಿಸಿದರೂ ಗೀರು ಬಾಯಿಯ ಮಟ್ಟಕ್ಕೆ ಬಂದರೆ ಖಾಲಿ. ಗೀರು ಮೇಲೆಯೇ ನಿಂತರೆ ಒಳಗೆ ಈಡು ಇದೆ, ಇಲ್ಲವೇ ಏನೋ ಸಿಕ್ಕಿಕೊಂಡಿದೆ. ಗಜ ಇಳಿಸುವಾಗ ಕೇಪು ತೆಗೆದಿರಬೇಕು, ಮುಖವಾಗಲಿ ಅಂಗೈಯಾಗಲಿ ನಳಿಕೆಯ ನೇರಕ್ಕೆ ಬರಬಾರದು. ರಾತ್ರಿ ತುಂಬಿಸಿ ಬೆಳಿಗ್ಗೆಗೆ ಮರೆತ ಕೇಪಿನ ಕೋವಿ ಒಂದು ಮನೆಯ ದುರ್ಗತಿಗೆ ಸಾಕು.

ಆಯುಧ ಪೂಜೆಯ ದಿನ ವಿಶೇಷ ಜಾಗ್ರತೆ. ವರ್ಷದಲ್ಲಿ ಆ ದಿನ ಕೋವಿ ಹೊರಗೆ ಬಂದು ಕತ್ತಿ, ನೇಗಿಲು, ಬೈಕಿನ ಜೊತೆ ಕೂರುತ್ತದೆ, ಮನೆ ತುಂಬ ನೆಂಟರ ಮಕ್ಕಳು. ಖಾಲಿ ಮಾಡಿ, ನಳಿಕೆ ಬಿಚ್ಚಿ, ಪೂಜೆ ಮುಗಿಯುವವರೆಗೆ ಒಬ್ಬ ದೊಡ್ಡವರು ಅಲ್ಲೇ ಕೂರಲಿ, ಆರತಿ ಆದ ಕೂಡಲೇ ಪೆಟ್ಟಿಗೆಗೆ. ಮದುವೆ, ಗೃಹಪ್ರವೇಶದಲ್ಲಿ ಸಂತೋಷಕ್ಕೆ ಗಾಳಿಯಲ್ಲಿ ಹೊಡೆದು ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಮಳೆಗಾಲ ಮತ್ತು ತುಕ್ಕು

ಕರಾವಳಿಯಲ್ಲಿ ಕೋವಿಯ ದೊಡ್ಡ ಶತ್ರು ಗಾಳಿಯಲ್ಲಿರುವ ತೇವ ಮತ್ತು ಉಪ್ಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 15 ದಿನಕ್ಕೊಮ್ಮೆ ಹೊರಗೆ ತೆಗೆದು ಒರೆಸಲೇಬೇಕು. ಕೈಯ ಬೆವರು ಮುಟ್ಟಿದ ಜಾಗದಲ್ಲೇ ಮೊದಲು ತುಕ್ಕು ಕಾಣುವುದರಿಂದ ಎಣ್ಣೆ ಸೋಕಿದ ಬಟ್ಟೆಯಿಂದಲೇ ಹಿಡಿದು ಒರೆಸಿ. ಬಟ್ಟೆಯ ಚೀಲ, ಚರ್ಮದ ಚೀಲಗಳು ತೇವ ಹಿಡಿದುಕೊಳ್ಳುತ್ತವೆ, ಸಾಗಿಸುವಾಗ ಮಾತ್ರ ಬಳಸಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಿ ಮತ್ತೆ ಇಡಿ.

ತೆಂಗಿನೆಣ್ಣೆ ಹಚ್ಚಬೇಡಿ. ಮನೆಯಲ್ಲಿ ಸುಲಭಕ್ಕೆ ಸಿಗುತ್ತದೆ ನಿಜ, ಆದರೆ ಕೆಲವು ವಾರಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ, ಚಳಿಗೆ ಹೆಪ್ಪುಗಟ್ಟಿ ಕುದುರೆ (ಕೇಪಿಗೆ ಬಡಿಯುವ ಭಾಗ) ಸರಿಯಾಗಿ ಬೀಳುವುದಿಲ್ಲ. ಕೋವಿ ಎಣ್ಣೆ ಇಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಆದೀತು. ತೆಳುವಾಗಿ ಹಚ್ಚಿ, ಹೆಚ್ಚಾದರೆ ಮರದ ಹಿಡಿಗೆ ಇಳಿದು ಮರ ಮೆದುವಾಗುತ್ತದೆ.

ಕೇಪಿನ ಕೋವಿ ಹೊಡೆದರೆ ಅದೇ ದಿನ ತೊಳೆಯಬೇಕು. ಸುಟ್ಟ ಮಸಿ ಗಾಳಿಯ ನೀರನ್ನು ಎಳೆದುಕೊಂಡು ಒಂದೇ ರಾತ್ರಿಯಲ್ಲಿ ನಳಿಕೆಯನ್ನು ತಿನ್ನಲು ಶುರು ಮಾಡುತ್ತದೆ. ಬಿಸಿನೀರು, ಸ್ವಲ್ಪ ಸಾಬೂನು, ಗಜಕ್ಕೆ ಸುತ್ತಿದ ಬಟ್ಟೆ. ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಉಜ್ಜಿ, ಬರಿಯ ಬಿಸಿನೀರು ಹೊಯ್ದು, ಒಣ ಬಟ್ಟೆಯಿಂದ ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಒಣಗುವ ಮುಂಚೆ ಎಣ್ಣೆ ಹಾಕಿದರೆ ನೀರು ಅಡಿಯಲ್ಲೇ ಉಳಿದು ತುಕ್ಕು ಹಿಡಿಯುತ್ತದೆ. ಉಬ್ಬಿದ ತೋಟೆ, ಹಸಿರು ಕಿಲುಬು ಹಿಡಿದ ತೋಟೆಗಳನ್ನು ಹೊಡೆಯಬೇಡಿ, ಬೆಂಕಿಗೂ ಬಾವಿಗೂ ಎಸೆಯಬೇಡಿ, ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಅಥವಾ ಠಾಣೆಗೆ ಒಪ್ಪಿಸಿ.

ತೋಟಕ್ಕೆ ಒಯ್ಯುವಾಗ

ಪ್ರತಿ ಸಲ ನಳಿಕೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ನಳಿಕೆ ಎಂದರೆ ಹೇಳಿ ಮಾಡಿಸಿದ ತೂತು. ಆ ಬೆರಳಷ್ಟು ಮಣ್ಣು ಸಾಕು, ನಳಿಕೆ ಸೀಳಲು. ತುಂಬಿಸುವುದು ತೋಟದಲ್ಲಿ, ಅಂಗಳದಲ್ಲಿ ಅಲ್ಲ. ನಳಿಕೆ ಎಂದೂ ಮನುಷ್ಯರ, ಮನೆಯ ಕಡೆಗೆ ತಿರುಗಬಾರದು. ಬೆರಳು ಟ್ರಿಗರಿನ ಹೊರಗೆ. ಕಟ್ಟ (ತೋಡಿನ ಒಡ್ಡು), ಕಣಿ (ನೀರಿನ ಕಾಲುವೆ) ದಾಟುವಾಗ ಮೊದಲು ಖಾಲಿ ಮಾಡಿ. ಮಳೆಗಾಲದ ಪಾಚಿಯ ಮೇಲೆ ಜಾರಿ ಬೀಳದವರು ಯಾರು? ಸಣ್ಣ ಚರೆಯೂ (ಈಡಿನ ಸೀಸದ ಕಾಳು) 200 ಮೀಟರ್ ಹೋಗಬಹುದು, ಅಡಿಕೆ ಮರಗಳ ಆಚೆ ಯಾರ ಕೊಟ್ಟಿಗೆ, ಯಾವ ದಾರಿ ಇದೆ ಎಂದು ಹಗಲಲ್ಲೇ ನೋಡಿಟ್ಟುಕೊಳ್ಳಿ. ಪೊದೆ ಅಲುಗಿದ್ದಕ್ಕೆ, ಕಣ್ಣು ಹೊಳೆದದ್ದಕ್ಕೆ ಹೊಡೆಯಬೇಡಿ. ಈಡು ಹಾರದಿದ್ದರೆ ನಳಿಕೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ತೇವ ಹಿಡಿದ ಮಸಿ ತಡವಾಗಿ ಹೊತ್ತಿಕೊಳ್ಳುವುದುಂಟು.

ಚುನಾವಣೆ ಬಂದರೆ

ನೀತಿ ಸಂಹಿತೆ ಬಂದ ಕೂಡಲೇ ಠೇವಣಿ ಇಡಲು ಆದೇಶ ಬರುತ್ತದೆ. 2024ರ ಲೋಕಸಭೆ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆಯಾಗಿ ಜೂನ್ 4ಕ್ಕೆ ಫಲಿತಾಂಶ ಬಂತು. ಹಾಗಾಗಿ ಠಾಣೆಯ ಕೋಣೆಯಲ್ಲಿ ಕೋವಿ ಎರಡೂವರೆ ತಿಂಗಳು ಕೂರುವುದಕ್ಕೆ ಸಿದ್ಧ ಮಾಡಿಯೇ ಕೊಡಬೇಕು. ಚೆನ್ನಾಗಿ ತೊಳೆದು, ಎಂದಿಗಿಂತ ಸ್ವಲ್ಪ ದಪ್ಪ ಎಣ್ಣೆ ಹಚ್ಚಿ, ನಂಬರು ಮತ್ತು ಹಿಡಿಯ ಗೀರುಗಳು ಕಾಣುವಂತೆ ಫೋಟೋ ತೆಗೆದು, ಹೆಸರು, ಲೈಸೆನ್ಸ್ ನಂಬರು ಬರೆದ ಚೀಟಿ ಕಟ್ಟಿ ಒಪ್ಪಿಸಿ. ರಸೀದಿ ಇಲ್ಲದೆ ಠಾಣೆಯ ಮೆಟ್ಟಿಲು ಇಳಿಯಬೇಡಿ. ಕಾಡಂಚಿನ ಒಂಟಿ ಮನೆಯವರು ಬೆಳೆ ಹಾನಿಯ ದಾಖಲೆ ಸಹಿತ ಜಿಲ್ಲಾ ಪರಿಶೀಲನಾ ಸಮಿತಿಗೆ ವಿನಾಯಿತಿಯ ಅರ್ಜಿ ಕೊಡಬಹುದು. ಆದೇಶ ಬಂದ ಮೊದಲ ದಿನವೇ ಕೊಡಿ.

ಕೋವಿ ಮನೆಯಿಂದ ಹೊರಗೆ ಹೋಗಬೇಕಾದ ದಿನಗಳು

ಮನೆಯಲ್ಲಿ ಯಾರಾದರೂ ಊಟ, ನಿದ್ದೆ ಬಿಟ್ಟು ಮಂಕಾಗಿದ್ದರೆ, ಬದುಕು ಸಾಕು ಎಂದಿದ್ದರೆ, ಸಾಲ ಅಥವಾ ಜಾಗದ ತಕರಾರು ಕೈಮೀರಿದ್ದರೆ, ಕುಡಿತ ಹೆಚ್ಚಾಗಿದ್ದರೆ, ಬೀಗವನ್ನೂ ನಂಬಬೇಡಿ. ಕೋವಿ, ತೋಟೆ ಎರಡನ್ನೂ ಅಂದೇ ಠಾಣೆಗೆ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಠೇವಣಿ ಇಡಿ. ಇದರಲ್ಲಿ ಮರ್ಯಾದೆ ಹೋಗುವುದು ಏನೂ ಇಲ್ಲ. ಆ ಕೆಟ್ಟ ಗಳಿಗೆ ಎಷ್ಟೋ ಸಲ ಬೇಗ ದಾಟಿ ಹೋಗುತ್ತದೆ, ಅಷ್ಟು ಹೊತ್ತು ಕೋವಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಅವರ ಜೊತೆ ಕೂತು ನೇರವಾಗಿ ಮಾತಾಡಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಲೈಸೆನ್ಸ್ ಇದ್ದವರು ತೀರಿಹೋದರೆ, ಕೋವಿಯನ್ನು ಬೊಜ್ಜದ (ಉತ್ತರಕ್ರಿಯೆಯ) ಗಡಿಬಿಡಿಯಲ್ಲಿ ಮರೆಯುವುದು ಸಾಮಾನ್ಯ. ಅವರ ಲೈಸೆನ್ಸ್ ಮನೆಯ ಬೇರೆ ಯಾರಿಗೂ ಆಗುವುದಿಲ್ಲ. ಕೂಡಲೇ ಠೇವಣಿ ಇಟ್ಟು ರಸೀದಿ ಪಡೆದು, ವಾರಸುದಾರರಲ್ಲಿ ಒಬ್ಬರ ಹೆಸರಿಗೆ ಉಳಿದವರ ಒಪ್ಪಿಗೆ ಪತ್ರದೊಂದಿಗೆ ಹೊಸ ಅರ್ಜಿ ಹಾಕಿ. ತೀರಿಹೋಗುವವರೆಗೆ ಕಾಯಬೇಕೆಂದೂ ಇಲ್ಲ. ಲೈಸೆನ್ಸ್ ಇದ್ದವರಿಗೆ 70 ವರ್ಷ ಆದರೆ, ಅಥವಾ ಆ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು 2016ರ ನಿಯಮದಲ್ಲಿ ಅವಕಾಶ ಇದೆ. ತೋಟ ನೋಡಿಕೊಳ್ಳಲು ಊರಲ್ಲಿ ಯಾರೂ ಇಲ್ಲ, ಮಕ್ಕಳೆಲ್ಲ ಬೆಂಗಳೂರು, ಮುಂಬಯಿ ಎಂದಾದರೆ ಯಾರ ಹೆಸರಿಗೂ ಮಾಡಿಸಬೇಡಿ. ಅನುಮತಿ ಪಡೆದು ಲೈಸೆನ್ಸ್ ಇರುವವರಿಗೆ ಮಾರಿ, ಅಥವಾ ಠಾಣೆಗೆ ಒಪ್ಪಿಸಿ, ಲೈಸೆನ್ಸ್ ರದ್ದಾದ ಪತ್ರವನ್ನು ಪಹಣಿಯ ಕಡತದಲ್ಲಿ ಇಟ್ಟುಬಿಡಿ.