ಎಕ್ಸ್‌ಪೋರ್ಟ್ ಆಗ್ತಿಲ್ವಾ? ತೊಡಕು ಎಲ್ಲಿದೆ ಅಂತ ಹೀಗೆ ಹುಡುಕಿ

ಗಂಟೆಗಟ್ಟಲೆ ಕೂತು ಚಿತ್ರ ತಿದ್ದಿರುತ್ತೀರಿ. ಎಕ್ಸ್‌ಪೋರ್ಟ್ ಒತ್ತಿದ ತಕ್ಷಣ ‘ಫೈಲ್ ಉಳಿಸಲು ಆಗಲಿಲ್ಲ’ ಎಂಬ ಸಂದೇಶ. ಯಾಕೆ ಆಗಲಿಲ್ಲ ಅಂತ ಮಾತ್ರ ಅದರಲ್ಲಿ ಇರುವುದಿಲ್ಲ. ಗಾಬರಿಯಲ್ಲಿ ಸಾಫ್ಟ್‌ವೇರ್ ಮುಚ್ಚಬೇಡಿ. ಮೊದಲು ಮೂಲ ಫೈಲನ್ನು ಸೇವ್ ಮಾಡಿಕೊಳ್ಳಿ: ಫೋಟೋಶಾಪ್ ಆದರೆ ಪಿಎಸ್‌ಡಿ, ಗಿಂಪ್ ಆದರೆ ಎಕ್ಸ್‌ಸಿಎಫ್. ಲೇಯರ್‌ಗಳು, ಅಂದರೆ ಒಂದರ ಮೇಲೊಂದು ಕೂರಿಸಿದ ಚಿತ್ರದ ಪದರಗಳು, ಉಳಿದವು ಅಂದರೆ ಅರ್ಧ ಚಿಂತೆ ಕಳೆದ ಹಾಗೆ.

ಅಂದ ಹಾಗೆ, ಗಿಂಪ್‌ಗೆ ಹೊಸಬರಾದರೆ ಇದೊಂದು ಗೊತ್ತಿರಲಿ. 2012ರಲ್ಲಿ ಬಂದ 2.8 ಆವೃತ್ತಿಯಿಂದ ಅದರಲ್ಲಿ ಸೇವ್ ಇರುವುದು ಎಕ್ಸ್‌ಸಿಎಫ್‌ಗೆ ಮಾತ್ರ. ಜೆಪೆಗ್, ಪಿಎನ್‌ಜಿ ಬೇಕಿದ್ದರೆ ‘ಎಕ್ಸ್‌ಪೋರ್ಟ್ ಆ್ಯಸ್’ಗೇ ಹೋಗಬೇಕು.

ಈಗ ಒಂದು ಸಣ್ಣ ಪರೀಕ್ಷೆ. 500 ಪಿಕ್ಸೆಲ್ ಉದ್ದಗಲದ ಹೊಸ ಚಿತ್ರ ತೆರೆಯಿರಿ. ಒಂದು ಬಣ್ಣ ತುಂಬಿ, ಅದೇ ಫೋಲ್ಡರ್‌ಗೆ ಸುಮ್ನೆ ‘1’ ಅಂತ ಹೆಸರು ಕೊಟ್ಟು ಎಕ್ಸ್‌ಪೋರ್ಟ್ ಮಾಡಿ. ಹೋಯಿತು ಅಂದರೆ ತೊಡಕು ನಿಮ್ಮ ಚಿತ್ರದಲ್ಲೋ ಅದರ ಹೆಸರಿನಲ್ಲೋ ಇದೆ. ಹೋಗಲಿಲ್ಲ ಅಂದರೆ ಬೇರೆ ಫೋಲ್ಡರ್‌ಗೆ, ಸಾಧ್ಯವಾದರೆ ಬೇರೆ ಡ್ರೈವ್‌ಗೆ ಕಳಿಸಿ ನೋಡಿ. ಅಲ್ಲಿ ಹೋದರೆ ಫೋಲ್ಡರ್‌ದೇ ಸಮಸ್ಯೆ. ಎಲ್ಲೂ ಹೋಗದಿದ್ದರೆ ಸಾಫ್ಟ್‌ವೇರ್ ಮುಚ್ಚಿ ತೆರೆದು, ಆಗಲೂ ಸರಿಹೋಗದಿದ್ದರೆ ಪ್ರಿಫರೆನ್ಸಸ್ ರೀಸೆಟ್ ಮಾಡಿ, ಅಂದರೆ ಅದರ ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಮೊದಲಿನಂತೆ ಮಾಡಿ.

ಎರಡೇ ನಿಮಿಷದ ಕೆಲಸ ಇದು. ಇದನ್ನು ಬಿಟ್ಟು ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಬದಲಿಸುತ್ತಾ ಕೂತರೆ ದಿನವೇ ಹೋಗುತ್ತದೆ.

ಹೆಸರಿನ ತೊಡಕು ನನಗೇ ಒಮ್ಮೆ ಇಡೀ ಸಂಜೆ ಕಾಡಿತ್ತು. ಪೋಸ್ಟರ್ ಒಂದಕ್ಕೆ ತಾರೀಖು ಸೇರಿಸಿ ‘ಪೋಸ್ಟರ್ 12/6’ ಅಂತ ಹೆಸರು ಕೊಟ್ಟಿದ್ದೆ. ವಿಂಡೋಸ್ ಆ ಸ್ಲ್ಯಾಶನ್ನು ಫೋಲ್ಡರ್ ಗುರುತು ಅಂತ ಓದುತ್ತದೆ. ‘ಪೋಸ್ಟರ್ 12’ ಎಂಬ ಫೋಲ್ಡರ್ ಒಳಗೆ ‘6’ ಎಂಬ ಫೈಲ್ ಇಡಲು ಹೊರಟು, ಅಂಥ ಫೋಲ್ಡರ್ ಸಿಗದೆ ನಿಂತಿತ್ತು. ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆಗಳೂ ಅಲ್ಲಿ ನಡೆಯುವುದಿಲ್ಲ. ತಾರೀಖಿಗೆ ಹೈಫನ್ ಹಾಕಿ.

ಫೋಲ್ಡರ್ ಕಡೆ ನೋಡುವುದು ಮೂರು ವಿಷಯ. ಡಿಸ್ಕಿನಲ್ಲಿ ಜಾಗ ಇದೆಯಾ? ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನ ಪೆನ್‌ಡ್ರೈವ್ ಆದರೆ 4 ಜಿಬಿ ಮುಟ್ಟಿದ ಫೈಲ್ ಅದರಲ್ಲಿ ಕೂರುವುದಿಲ್ಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಇದ್ದರೆ ಪಿಕ್ಚರ್ಸ್ ಫೋಲ್ಡರ್‌ಗೆ ಬರೆಯಲು ಅದು ಬಿಡದೇ ಇರಬಹುದು. ಅಲ್ಲೇ ನಿಮ್ಮ ಸಾಫ್ಟ್‌ವೇರ್‌ಗೆ ಅನುಮತಿ ಕೊಡಿ.

ತೊಡಕು ಚಿತ್ರದ್ದೇ ಆದರೆ ಮೊದಲು ಅಳತೆ ನೋಡಿ. ವೆಬ್‌ಪಿ ಎಂಬ ಫೈಲ್ ಬಗೆಯಲ್ಲಿ ಒಂದು ಬದಿ 16,383 ಪಿಕ್ಸೆಲ್ ಮೀರುವಂತಿಲ್ಲ. ಪಿಎಸ್‌ಡಿಗೆ 30,000 ಪಿಕ್ಸೆಲ್ ಮತ್ತು 2 ಜಿಬಿ ಮಿತಿ. ಅದಕ್ಕಿಂತ ದೊಡ್ಡದಕ್ಕೆ ಪಿಎಸ್‌ಬಿ ಬೇಕು. ಫೋಟೋಶಾಪ್‌ನಲ್ಲಿ ಜೆಪೆಗ್ ಆಯ್ಕೆಯೇ ಕಾಣದಿದ್ದರೆ ಚಿತ್ರ 32 ಬಿಟ್‌ನಲ್ಲಿ (ಬಿಟ್ ಅಂದರೆ ಒಂದೊಂದು ಬಣ್ಣಕ್ಕೆ ಹಿಡಿಯುವ ಮಾಹಿತಿಯ ಅಳತೆ) ಇರಬಹುದು, ಮೋಡ್‌ಗೆ ಹೋಗಿ 8 ಬಿಟ್ ಮಾಡಿ. ಪಿಎನ್‌ಜಿಗೆ ಮುದ್ರಣದ ಬಣ್ಣಪದ್ಧತಿಯಾದ ಸಿಎಂವೈಕೆ ಗೊತ್ತಿಲ್ಲ, ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿಗೆ ಬದಲಿಸಿಕೊಳ್ಳಿ.

ಮೆಮೊರಿ ಸಾಲದೆ ಕೈಕೊಡುವುದೂ ಉಂಟು. 6000×4000 ಅಂದರೆ 2.4 ಕೋಟಿ ಪಿಕ್ಸೆಲ್. 8 ಬಿಟ್‌ನಲ್ಲಿ ಒಂದೊಂದಕ್ಕೆ ಕೆಂಪು, ಹಸಿರು, ನೀಲಿ ಸೇರಿ 3 ಬೈಟ್, ಒಟ್ಟು 72 ಎಂಬಿ. 16 ಬಿಟ್ ಆದರೆ 144. ಅಂಥ ಲೇಯರ್ ಹತ್ತು ಇದ್ದರೆ 1.4 ಜಿಬಿ ದಾಟಿತು ಅಲ್ವಾ! ಬೇರೆ ಆ್ಯಪ್‌ಗಳನ್ನು ಮುಚ್ಚಿ. ಫೋಟೋಶಾಪ್‌ನಲ್ಲಿ ‘ಎಕ್ಸ್‌ಪೋರ್ಟ್ ಆ್ಯಸ್’ ಬಿಟ್ಟು ‘ಸೇವ್ ಎ ಕಾಪಿ’ಯಿಂದಲೂ ಪ್ರಯತ್ನಿಸಿ.

ಇಷ್ಟಾದರೂ ಆಗದಿದ್ದರೆ ಯಾವುದೋ ಒಂದು ಲೇಯರ್ ಕೆಟ್ಟಿರಬೇಕು. ನನಗೆ ಜಾಸ್ತಿ ನಂಬಿಕೆ ಇರುವುದು ಅರ್ಧರ್ಧ ಮಾಡುವ ಉಪಾಯದಲ್ಲಿ. ಫೈಲಿನ ನಕಲು ಮಾಡಿ, ಅದರಲ್ಲಿ ಅರ್ಧ ಲೇಯರ್‌ಗಳನ್ನು ಅಳಿಸಿ ಎಕ್ಸ್‌ಪೋರ್ಟ್ ಮಾಡಿ. ಆಯಿತು ಅಂದರೆ ಕೆಟ್ಟದ್ದು ಅಳಿಸಿದ ಅರ್ಧದಲ್ಲಿದೆ. ಆಗಲಿಲ್ಲ ಅಂದರೆ ಉಳಿದ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. 40 ಲೇಯರ್ ಇದ್ದರೂ ಆರು ಸಲಕ್ಕೆ ಕೈಗೆ ಸಿಗುತ್ತದೆ. ಸಿಕ್ಕಿದ ಲೇಯರನ್ನು ರಾಸ್ಟರೈಸ್ ಮಾಡಿ, ಅಂದರೆ ಬರೀ ಪಿಕ್ಸೆಲ್‌ಗಳ ಚಿತ್ರವಾಗಿ ಬದಲಿಸಿ. ಅದಕ್ಕೂ ಬಗ್ಗದಿದ್ದರೆ ಅದೊಂದನ್ನು ಹೊಸದಾಗಿ ಮಾಡಿ.

ಫೈಲ್ ಬಂದ ಮೇಲೆ ಬೇರೊಂದು ಆ್ಯಪ್‌ನಲ್ಲಿ ತೆರೆದು ನೋಡಿ. ಬಣ್ಣ ಪೇಲವವಾಗಿ ಕಂಡರೆ ‘ಎಸ್‌ಆರ್‌ಜಿಬಿಗೆ ಬದಲಿಸು’ (ಎಸ್‌ಆರ್‌ಜಿಬಿ ಅಂದರೆ ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣಗಳ ಮಾನದಂಡ) ಆಯ್ಕೆಗೆ ಟಿಕ್ ಹಾಕಿ ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿ. ನಾಲ್ಕೂ ಮೂಲೆಗಳನ್ನು ದೊಡ್ಡದು ಮಾಡಿ ನೋಡಿದ ಮೇಲೆಯೇ ಫೈಲನ್ನು ಕಳಿಸಿ.