“ಏನಾಯ್ತು ಹೇಳಿ” ಅಂತ ಕೇಳುವುದನ್ನು ಬಿಟ್ಟೆ

ನಾನು ಆಪ್ತಸಮಾಲೋಚಕಿ. ಕೋವಿಡ್ ಇನ್ನೂ ಜೋರಾಗಿದ್ದಾಗಲೇ ನೆರೆ ಬಂತು, ಶಾಲೆಯೊಂದರಲ್ಲಿ ತೆರೆದ ಪರಿಹಾರ ಕೇಂದ್ರಕ್ಕೆ ನಾನು ಹೋದೆ. ರೋಗ ಬಂದರೆ ದೂರ ದೂರ ಇರಿ ಅಂತಾರೆ, ನೆರೆ ಬಂದರೆ ಎಲ್ಲರೂ ಒಂದೇ ಸೂರಿನಡಿ ಬನ್ನಿ ಅಂತಾರೆ. ಎರಡೂ ಒಟ್ಟಿಗೆ ಬಂದರೆ? ಅಲ್ಲಿ ಪಕ್ಕದ ಚಾಪೆಯವರು ಒಮ್ಮೆ ಕೆಮ್ಮಿದರೆ ಸಾಕು, ಇಡೀ ಕೋಣೆಯ ಮಾತು ನಿಂತುಹೋಗುತ್ತಿತ್ತು.

ಮೊದಲ ದಿನವೇ ತಪ್ಪು ಮಾಡಿದೆ. ಐವತ್ತು ದಾಟಿದ ಒಬ್ಬರ ಹತ್ತಿರ ಕೂತು “ಏನಾಯ್ತು ಹೇಳಿ, ಮನಸ್ಸು ಹಗುರ ಆಗುತ್ತೆ” ಅಂದೆ. ಅವರು ಶುರು ಮಾಡಿದರು. ನೀರು ಬಾಗಿಲು ದಾಟಿದ ಕಡೆಗೆ ಬರುವಷ್ಟರಲ್ಲಿ ಕೈ ನಡುಗತೊಡಗಿತು, ಉಸಿರು ಏರಿತು, ಎದ್ದು ಹೋಗಿಬಿಟ್ಟರು. ಎರಡು ದಿನ ನನ್ನ ಕಡೆ ನೋಡಲಿಲ್ಲ. ದುರಂತವಾದ ಕೂಡಲೇ ಜನರಿಂದ ಎಲ್ಲವನ್ನೂ ಹೇಳಿಸಿದರೆ ಮುಂದಿನ ಆಘಾತ ತಪ್ಪುವುದಿಲ್ಲ, ಕೆಲವರಿಗೆ ಅದರಿಂದ ತೊಂದರೆಯೇ ಆಗಬಹುದು ಅಂತ ನಾನು ಓದಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಒತ್ತಾಯ ಮಾಡಬೇಡಿ ಅನ್ನುತ್ತದೆ. ನೋಡಿ, ಕೇಳಿಸಿಕೊಳ್ಳಿ, ಬೇಕಾದ ಸಹಾಯಕ್ಕೆ ಜೋಡಿಸಿ, ಅಷ್ಟೇ. ಗೊತ್ತಿದ್ದೂ ಅವಸರ ಮಾಡಿದ್ದೆ, ಅದಕ್ಕೆ ಇವತ್ತಿಗೂ ಬೇಜಾರಿದೆ.

ಆಮೇಲೆ ಒಂದೇ ಪ್ರಶ್ನೆ ಇಟ್ಟುಕೊಂಡೆ: “ಈಗ ನಿಮಗೆ ತುರ್ತಾಗಿ ಏನು ಬೇಕು?” ಒಬ್ಬರಿಗೆ ಬಿಪಿ ಮಾತ್ರೆ, ಇನ್ನೊಬ್ಬರಿಗೆ ನೀರಲ್ಲಿ ಹೋದ ಕನ್ನಡಕ. ಒಬ್ಬ ಹೆಂಗಸಿಗೆ ಮೊಬೈಲ್ ಚಾರ್ಜರ್ ಬೇಕಿತ್ತು. ಅವರ ತಾಯಿ ಕೋವಿಡ್ ವಾರ್ಡಿನಲ್ಲಿದ್ದರು, ಇವರ ಫೋನ್ ಸತ್ತು ಎರಡು ದಿನವಾಗಿತ್ತು, ತಾಯಿ ಹೇಗಿದ್ದಾರೆ ಅಂತಲೇ ಗೊತ್ತಿರಲಿಲ್ಲ. ಚಾರ್ಜರ್ ತಂದುಕೊಟ್ಟೆ. ಅಮ್ಮನ ದನಿ ಕೇಳಿದ ಆ ರಾತ್ರಿ ಅವರು ಮಲಗಿದರು, ನನ್ನ ಯಾವ ಸಮಾಧಾನದ ಮಾತಿಗೂ ಬಾರದ ನಿದ್ದೆ ಅದು.

ಉಸಿರಾಟದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಭಯಕ್ಕೂ ಉಸಿರು ಕಟ್ಟುತ್ತದೆ, ಕೋವಿಡ್‌ಗೂ ಕಟ್ಟುತ್ತದೆ. ಹಾಗಾಗಿ ಗಾಬರಿಯಲ್ಲಿ ಬಂದವರಿಗೆ ಸುಮ್ನೆ “ಇದು ಮನಸ್ಸಿನದ್ದು” ಅನ್ನುವಂತಿಲ್ಲ, ಮೊದಲು ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕದ ಶೇಕಡಾವಾರು ಮಟ್ಟ ನೋಡುವ ಆಕ್ಸಿಮೀಟರ್ ಹಾಕುತ್ತಿದ್ದೆವು. 94ಕ್ಕಿಂತ ಕಡಿಮೆ ಬಂದರೆ, ಇಲ್ಲವೇ ಅಂಕಿ ಸರಿಯಿದ್ದೂ ಏದುಸಿರು ನಿಲ್ಲದಿದ್ದರೆ ತಕ್ಷಣ ಡಾಕ್ಟರ ಹತ್ತಿರ. 98 ಕಂಡು ಎಷ್ಟೋ ಜನರ ಮುಖ ಸಡಿಲವಾಗುತ್ತಿತ್ತು. ಆದರೆ ಕೆಲವರು ಹತ್ತು ನಿಮಿಷಕ್ಕೊಮ್ಮೆ ಬೆರಳು ಚಾಚತೊಡಗಿದರು, ಅವರ ಜೊತೆ ಕೂತು ಮಾತಾಡಿ ಬೆಳಿಗ್ಗೆ, ಸಂಜೆ ಸಾಕು ಅಂತ ಒಪ್ಪಿಸಿದೆ. ಮಾಸ್ಕ್ ಹಾಕಿಕೊಂಡು ಆಳವಾಗಿ ಉಸಿರು ತೆಗೆದುಕೊಳ್ಳಿ ಅಂದರೆ ಕೆಲವರಿಗೆ ಇನ್ನೂ ಕಟ್ಟಿದ ಹಾಗಾಗುತ್ತಿತ್ತು. ಅಂಥವರಿಗೆ ಪಾದಗಳನ್ನು ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿ ಅನ್ನುತ್ತಿದ್ದೆ.

ಮಾಸ್ಕ್‌ನಿಂದ ನನ್ನ ಮುಖವೂ ಅವರಿಗೆ ಕಾಣುತ್ತಿರಲಿಲ್ಲ, ಅಳುವವರ ಕೈ ಹಿಡಿಯುವಂತೆಯೂ ಇರಲಿಲ್ಲ. ನಗುವ ಫೋಟೊ ಒಂದನ್ನು ಕೊರಳಿಗೆ ಹಾಕಿಕೊಂಡೆ, ಜಗಲಿಯಲ್ಲಿ ಗಾಳಿಯಾಡುವ ಕಡೆ ದೂರದಲ್ಲಿ ಕೂತು ಮಾತಾಡಿದೆ. ಹಾಲ್‌ನಲ್ಲಿ ಇಡೀ ದಿನ ಓಡುತ್ತಿದ್ದ ಸುದ್ದಿ ಚಾನೆಲ್ಲನ್ನು ದಿನಕ್ಕೆ ಎರಡು ಸಲ ಮಾತ್ರ ಹಾಕಿಸಿದೆವು. ಗಂಡಸರು ಮಾತಿಗೆ ಬರುತ್ತಲೇ ಇರಲಿಲ್ಲ, ಅವರಿಗೆ ಹೆಸರು ಬರೆಯುವ, ನೀರಿನ ಡ್ರಮ್ ನೋಡಿಕೊಳ್ಳುವ ಕೆಲಸ ಕೊಟ್ಟ ಮೇಲೆ ಜೊತೆಯಲ್ಲಿ ನಿಂತು ಮಾತು ಶುರುವಾಯಿತು.

ಹೊಸದಾಗಿ ಬಂದವರನ್ನು ಮರೆಯದೆ ಕೇಳುತ್ತಿದ್ದುದು ಎರಡು. ಮಾನಸಿಕ ಕಾಯಿಲೆಯ ಮಾತ್ರೆ ನೀರಲ್ಲಿ ಹೋಯಿತಾ? ದಿನಾ ಕುಡಿಯುತ್ತಿದ್ದವರಿಗೆ ಮದ್ಯ ಏಕಾಏಕಿ ನಿಂತಿದೆಯಾ? ಎರಡನೆಯದು ನಾಚಿಕೆಯಿಂದ ಯಾರೂ ತಾವಾಗಿ ಹೇಳುವುದಿಲ್ಲ, ಆದರೆ ಎರಡು ಮೂರು ದಿನದಲ್ಲಿ ವಿಪರೀತ ನಡುಕ, ಇಲ್ಲದ್ದು ಕಾಣುವುದು, ಫಿಟ್ಸ್ ಬಂದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಮಾತುಕತೆ ಮದ್ದಲ್ಲ, ಆಸ್ಪತ್ರೆಯೇ ಬೇಕು. ಸಾಯುವ ಮಾತಾಡಿದವರನ್ನು ನಾನು ಒಂಟಿಯಾಗಿ ಬಿಡುತ್ತಿರಲಿಲ್ಲ, ಅವತ್ತೇ ಮನೋವೈದ್ಯರಿಗೆ ತೋರಿಸುತ್ತಿದ್ದೆ. ಉಳಿದವರಿಗೆ ಹೇಳಿದ್ದು ಇಷ್ಟು: ನಿದ್ದೆ ಕೆಡುವುದು, ಬೆಚ್ಚಿಬೀಳುವುದು ಈಗ ಸಹಜ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ, ತಿಂಗಳಾದರೂ ಹಾಗೇ ಇದ್ದರೆ ಚಿಕಿತ್ಸೆ ತಗೊಳ್ಳಿ.

ಮೊದಲ ದಿನ ಎದ್ದು ಹೋದವರು ಮೂರನೇ ದಿನ ತಾವೇ ಬಂದು ಕನ್ನಡಕ ಸಿಗುತ್ತಾ ಅಂತ ಕೇಳಿದರು. ತರಿಸಿಕೊಟ್ಟೆವು. ನಾನು ನೆರೆಯ ಸುದ್ದಿ ಎತ್ತಲಿಲ್ಲ. ನಾಲ್ಕನೇ ವಾರದ ಒಂದು ಸಂಜೆ, ಜಗಲಿಯಲ್ಲಿ ಕೂತಿದ್ದಾಗ, ನೀರು ಬಾಗಿಲು ದಾಟಿದ ಕಡೆಯಿಂದಲೇ ಅವರು ಮತ್ತೆ ಶುರು ಮಾಡಿದರು.