ಮರ ತಿರುಗಲಿ, ಬ್ಲೇಡ್ ಕೊಯ್ಯಲಿ: ಸ್ಕ್ರೋಲ್ ಸಾದಲ್ಲಿ ಮೊದಲ ಜಾಲರಿ ಎಲೆ

ಸ್ಕ್ರೋಲ್ ಸಾ ಯಂತ್ರದ ಮುಂದೆ ಮೊದಲ ಸಲ ಕುಳಿತವರು ಹಲಗೆಯನ್ನು ಜೋರಾಗಿ ಮುಂದಕ್ಕೆ ಒತ್ತುತ್ತಾರೆ. ಬ್ಲೇಡ್ ಹಿಂದಕ್ಕೆ ಬಾಗುತ್ತದೆ, ಗೆರೆ ತಪ್ಪುತ್ತದೆ. ಸರಿಪಡಿಸಲು ಪಕ್ಕಕ್ಕೆ ಎಳೆದರೆ ಟಕ್ ಎಂದು ಬ್ಲೇಡ್ ತುಂಡಾಗುತ್ತದೆ. ‘ನನ್ನ ಕೈ ನಿಲ್ಲುವುದಿಲ್ಲ, ಇದು ನನಗೆ ಒಗ್ಗುವ ಕೆಲಸವಲ್ಲ’ ಎಂದು ಎದ್ದುಬಿಡುತ್ತಾರೆ. ಹೀಗೆ ಕೈಬಿಟ್ಟವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಹುಪಾಲು ಸಲ ತಪ್ಪು ಕೈಯದಲ್ಲ. ಸಡಿಲವಾಗಿ ಬಿಗಿದ ಬ್ಲೇಡಿನದು, ಓರೆಯಾಗಿ ನಿಂತ ಮೇಜಿನದು, ಮರಕ್ಕೆ ಹೊಂದದ ಹಲ್ಲಿನದು. ಆ ಮೂರನ್ನೂ ಸರಿಪಡಿಸಿಕೊಂಡು ಕುಳಿತರೆ ಹೊಸಬರ ಕೈಯಲ್ಲೂ ಗೆರೆ ನಿಲ್ಲುತ್ತದೆ.

ಈ ಯಂತ್ರದ ಬ್ಲೇಡ್ 5 ಇಂಚು ಉದ್ದದ, ದಾರಕ್ಕಿಂತ ತುಸು ಅಗಲದ ಉಕ್ಕಿನ ಎಳೆ. ಅದು ನಿಂತಲ್ಲೇ ಮೇಲೆ ಕೆಳಗೆ ಆಡುತ್ತದೆ, ತಿರುಗಬೇಕಾದದ್ದು ಮರ. ಬ್ಲೇಡಿನ ಒಂದು ತುದಿಯನ್ನು ಬಿಚ್ಚಿ ಹಲಗೆಯ ತೂತಿನಲ್ಲಿ ತೂರಿಸಿ ಮತ್ತೆ ಬಿಗಿಯಬಹುದು. ಆದ್ದರಿಂದಲೇ ಅಂಚಿನಿಂದ ಸೀಳದೆ ಹಲಗೆಯ ನಡುವೆ ಕಿಂಡಿ ತೆಗೆಯಲು ಸಾಧ್ಯ. ಜಾಲರಿ ಕೆಲಸವೆಲ್ಲ ನಿಂತಿರುವುದು ಈ ಒಂದು ಅನುಕೂಲದ ಮೇಲೆ.

ಕಲಿಯಲು ಒಂದು ಎಲೆಯನ್ನು ಮಾಡೋಣ. ಅಂಗೈಗಿಂತ ತುಸು ದೊಡ್ಡದು, 6 ಮಿ.ಮೀ. ದಪ್ಪದ ಪ್ಲೈವುಡ್, ನಡುವೆ ಒಂದು ದಪ್ಪ ನರ, ಅದರಿಂದ ಎರಡೂ ಕಡೆಗೆ ಕವಲೊಡೆದ ಸಣ್ಣ ನರಗಳು, ನರಗಳ ನಡುವೆ ಹನ್ನೆರಡು ಕಿಂಡಿಗಳು. ಚಿತ್ರವನ್ನು ನೀವೇ ಬರೆದುಕೊಳ್ಳಿ. ಯಾವ ನರವೂ 3 ಮಿ.ಮೀ.ಗಿಂತ ತೆಳ್ಳಗಿರದಂತೆ ಮಾತ್ರ ನೋಡಿಕೊಳ್ಳಿ.

ಮೊದಲು ಕಣ್ಣು, ಮೂಗು

ಕನ್ನಡಕ ಮತ್ತು ಮುಖಗವಸು ಧರಿಸದೆ ಯಂತ್ರ ಚಾಲೂ ಮಾಡಬೇಡಿ. ಈ ಗರಗಸದ ಹೊಟ್ಟು ಹಿಟ್ಟಿನಷ್ಟು ನಯ, ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬಟ್ಟೆಯ ಕರವಸ್ತ್ರ ಇದಕ್ಕೆ ಸಾಲದು, ಮುಖಕ್ಕೆ ಅಂಟಿ ಕೂರುವ ಧೂಳುನಿರೋಧಕ ಮಾಸ್ಕ್ ಬೇಕು. ಸಡಿಲ ತೋಳಿನ ಅಂಗಿ, ಬಿಚ್ಚುಗೂದಲು ಬೇಡ.

ಬ್ಲೇಡ್ ಆರಿಸುವುದು

ಬ್ಲೇಡುಗಳಲ್ಲಿ ಎರಡು ಬಗೆ. ತುದಿಗಳಲ್ಲಿ ಅಡ್ಡ ಪಿನ್ ಇರುವುದು ಒಂದು, ಇಲ್ಲದಿರುವುದು ಇನ್ನೊಂದು. ಪಿನ್ ಇರುವುದನ್ನು ಸಿಕ್ಕಿಸುವುದು ಸುಲಭ, ಆದರೆ ಪಿನ್ ತೂರಲು ದೊಡ್ಡ ತೂತು ಬೇಕು, ಸಣ್ಣ ಕಿಂಡಿಗಳಲ್ಲಿ ಅಷ್ಟು ಜಾಗವಿರುವುದಿಲ್ಲ. ಜಾಲರಿ ಕೆಲಸದಲ್ಲಿ ಮನಸ್ಸಿರುವವರು ಪಿನ್ ಇಲ್ಲದ ಬ್ಲೇಡ್ ಹಿಡಿಯುವ ಯಂತ್ರವನ್ನೇ ಕೊಳ್ಳುವುದು ಒಳ್ಳೆಯದು.

ಬ್ಲೇಡಿನ ಸಂಖ್ಯೆ ಹೆಚ್ಚಿದಷ್ಟೂ ಅದು ಅಗಲ, ಹಲ್ಲು ದೊಡ್ಡದು. ನಮ್ಮ ಎಲೆಗೆ 3ನೇ ಸಂಖ್ಯೆಯದು ಸರಿಹೊಂದುತ್ತದೆ. 3 ಮಿ.ಮೀ. ಹಲಗೆಯ ನವಿರು ಕೆಲಸಕ್ಕೆ 1 ಅಥವಾ ಅದಕ್ಕಿಂತ ಸಣ್ಣದು, 20 ಮಿ.ಮೀ. ಗಟ್ಟಿಮರಕ್ಕೆ 5 ಅಥವಾ 7. ಕೆಲವು ಬ್ಲೇಡುಗಳಲ್ಲಿ ಕೆಳತುದಿಯ ನಾಲ್ಕಾರು ಹಲ್ಲುಗಳು ಮೇಲ್ಮುಖವಾಗಿರುತ್ತವೆ, ರಿವರ್ಸ್ ಹಲ್ಲಿನ ಬ್ಲೇಡ್ ಎನ್ನುತ್ತಾರೆ. ಇಳಿಯುವ ಹಲ್ಲು ಪ್ಲೈವುಡ್ಡಿನ ಅಡಿಯನ್ನು ಸಿಬಿರೆಬ್ಬಿಸಿ ಹಾಳು ಮಾಡುತ್ತದಲ್ಲವೇ, ಆ ಸಿಬಿರನ್ನು ಏರುವ ಹಲ್ಲು ಕತ್ತರಿಸಿಬಿಡುತ್ತದೆ. ಮೊದಲ ಕೆಲಸಕ್ಕೆ ಇದನ್ನೇ ತನ್ನಿ. ತಿರುಚಿದ ಸುರುಳಿ ಬ್ಲೇಡ್ ಎಲ್ಲ ದಿಕ್ಕಿಗೂ ಕೊಯ್ಯುತ್ತದೆ, ಮರ ತಿರುಗಿಸುವ ಗೋಜಿಲ್ಲ ಎಂಬುದು ನಿಜ. ಆದರೆ ಅಂಚು ಒರಟಾಗುತ್ತದೆ, ಗೆರೆ ಹಿಡಿಯುವುದು ಕಷ್ಟ. ಕೈ ಪಳಗಿದ ಮೇಲೆ ನೋಡೋಣ.

ಬಿಗಿಯುವುದು

ಪ್ಲಗ್ ತೆಗೆದು ಬ್ಲೇಡ್ ಸಿಕ್ಕಿಸಿ. ಹಲ್ಲು ನಿಮ್ಮ ಕಡೆಗಿರಬೇಕು, ಕೆಳಮುಖವಾಗಿರಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲಾದರೆ ಬೆರಳನ್ನು ಮೆಲ್ಲಗೆ ಕೆಳಗಿನಿಂದ ಮೇಲಕ್ಕೆ ಸವರಿ. ತಡೆದರೆ ಸರಿಯಾಗಿದೆ, ಜಾರಿದರೆ ತಲೆಕೆಳಗಾಗಿದೆ.

ಇನ್ನು ಬಿಗಿತ. ಬೆರಳಿನಿಂದ ಬ್ಲೇಡನ್ನು ವೀಣೆಯ ತಂತಿಯಂತೆ ಮೀಟಿ. ಮಂಕಾದ ಸದ್ದು ಬಂದರೆ ಇನ್ನೂ ಬಿಗಿಯಬೇಕು, ಟಣ್ ಎಂದು ಸ್ಪಷ್ಟವಾಗಿ ನುಡಿದರೆ ಸಾಕು. ಪಕ್ಕದಿಂದ ಒತ್ತಿದಾಗ 3 ಮಿ.ಮೀ.ಗಿಂತ ಹೆಚ್ಚು ಸರಿಯಬಾರದು. ಬ್ಲೇಡ್ ತುಂಡಾಗುವ ಭಯದಿಂದ ಹೊಸಬರು ಸಡಿಲ ಬಿಡುತ್ತಾರೆ, ಆದರೆ ಸಡಿಲವಿದ್ದಾಗಲೇ ಅದು ಬಾಗಿ ತಿರುಚಿ ಬೇಗ ಮುರಿಯುತ್ತದೆ.

ಮೇಜಿಗೆ ಲಂಬ

ಇದೊಂದು ಹಂತವನ್ನು ಯಾರೂ ಹಾರಿಸಬಾರದು ಎಂದು ನನ್ನ ಒತ್ತಾಯ. ಮೇಜು ಒಂದೇ ಒಂದು ಡಿಗ್ರಿ ವಾಲಿದ್ದರೂ ಕೊಯ್ದ ಅಂಚು ಇಳಿಜಾರಾಗುತ್ತದೆ. ಆಗ ಒಳಗಿನ ತುಂಡು ಒಂದು ಕಡೆಯಿಂದ ಮಾತ್ರ ಹೊರಬೀಳುತ್ತದೆ, ಇನ್ನೊಂದು ಕಡೆಗೆ ಸಿಕ್ಕಿಕೊಳ್ಳುತ್ತದೆ.

ಮೂಲೆಮಟ್ಟ ಹಿಡಿದು ನೋಡಬಹುದು, ಆದರೆ ಇಷ್ಟು ತೆಳುವಾದ ಬ್ಲೇಡಿಗೆ ಮರದ ತುಂಡಿನ ಪರೀಕ್ಷೆಯೇ ಹೆಚ್ಚು ನಂಬಿಕೆಯದು. 4 ಸೆಂ.ಮೀ. ದಪ್ಪದ, ಅಡಿ ಸಮತಟ್ಟಾದ ತುಂಡೊಂದನ್ನು ತೆಗೆದುಕೊಳ್ಳಿ. ಅದರ ಅಂಚಿಗೆ ಒಂದೆರಡು ಮಿ.ಮೀ. ಆಳಕ್ಕೆ ಕೊಯ್ದು ಯಂತ್ರ ನಿಲ್ಲಿಸಿ. ಈಗ ತುಂಡನ್ನು ಮೇಜಿನ ಮೇಲೆಯೇ ಅರ್ಧ ಸುತ್ತು ತಿರುಗಿಸಿ ಬ್ಲೇಡಿನ ಹಿಂಬದಿಗೆ ತನ್ನಿ, ಆ ಸೀಳನ್ನು ಬ್ಲೇಡಿನ ಬೆನ್ನಿಗೆ ಹೊಂದಿಸಿ. ಮೇಲಿನಿಂದ ಕೆಳಗಿನವರೆಗೆ ಬ್ಲೇಡ್ ಸೀಳಿನೊಳಗೆ ಸಲೀಸಾಗಿ ಕುಳಿತರೆ ಮೇಜು ಸರಿಯಾಗಿದೆ. ಮೇಲ್ತುದಿ ಸೀಳಿಗೆ ಸಿಕ್ಕು ಕೆಳತುದಿ ಪಕ್ಕಕ್ಕೆ ಸರಿದರೆ ವಾಲಿದೆ, ತಿದ್ದಿ ಮತ್ತೆ ನೋಡಿ. ಸೀಳು ವಾಲಿದ್ದರೆ ತಿರುಗಿಸಿದಾಗ ಆ ವಾಲು ಎದುರು ದಿಕ್ಕಿಗೆ ಬೀಳುತ್ತದೆ, ತಪ್ಪು ಎರಡರಷ್ಟಾಗಿ ಕಾಣುತ್ತದೆ. ಅಳತೆಯ ಉಪಕರಣಕ್ಕೆ ಸಿಗದ ಓರೆ ಇಲ್ಲಿ ಸಿಕ್ಕಿಬೀಳುವುದು ಅದಕ್ಕೇ.

ಚಿತ್ರ ಅಂಟಿಸಿ ತೂತು ಕೊರೆಯುವುದು

ಹಲಗೆಯನ್ನು ಮರಳು ಕಾಗದದಿಂದ ಈಗಲೇ ಉಜ್ಜಿಬಿಡಿ. ಜಾಲರಿಯಾದ ಮೇಲೆ ಒತ್ತಿ ಉಜ್ಜಿದರೆ ನರಗಳು ಮುರಿಯುತ್ತವೆ. ನಂತರ ಹಲಗೆಯ ಮೇಲೆ ಮಾಸ್ಕಿಂಗ್ ಟೇಪ್ ಹಾಸಿ, ಅದರ ಮೇಲೆ ಚಿತ್ರದ ಕಾಗದವನ್ನು ಅಂಟಿಸಿ. ಕೊನೆಯಲ್ಲಿ ಟೇಪನ್ನು ಎಳೆದರೆ ಕಾಗದ ಸಮೇತ ಬರುತ್ತದೆ, ಮರಕ್ಕೆ ಅಂಟಿನ ಕಲೆ ಉಳಿಯುವುದಿಲ್ಲ. ಗಟ್ಟಿಮರವಾದರೆ ಚಿತ್ರದ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪನ್ನೂ ಹಾಕಿ. ಅದು ಬ್ಲೇಡಿಗೆ ಜಾರುಗುಣ ಕೊಡುವುದರಿಂದ ಅಂಚು ಸುಟ್ಟು ಕಪ್ಪಾಗುವುದು ತಪ್ಪುತ್ತದೆ.

ಪ್ರತಿ ಕಿಂಡಿಗೂ ಒಂದು ತೂತು, ಡ್ರಿಲ್ ಬಿಟ್ 1.5ರಿಂದ 2 ಮಿ.ಮೀ. ತೂತು ಗೆರೆಯ ಮೇಲಲ್ಲ, ಬಿದ್ದುಹೋಗುವ ಭಾಗದಲ್ಲಿ, ಕಿಂಡಿಯ ಚೂಪು ಮೂಲೆಗೆ ಹತ್ತಿರ ಇರಲಿ. ಅಡಿಯಲ್ಲೊಂದು ಬೇಡದ ಹಲಗೆ ಇಟ್ಟು ಕೊರೆದರೆ ಸಿಬಿರೇಳುವುದಿಲ್ಲ. ಅಷ್ಟಾದರೂ ಎದ್ದ ಸಿಬಿರನ್ನು ಉಜ್ಜಿ ತೆಗೆಯಿರಿ, ಇಲ್ಲವಾದರೆ ಹಲಗೆ ಮೇಜಿನ ಮೇಲೆ ತಡವರಿಸುತ್ತದೆ.

ಕೊಯ್ಯುವುದು

ಎಲೆಗೆ ಕೈ ಹಾಕುವ ಮೊದಲು ಬೇಡದ ಹಲಗೆಯ ಮೇಲೆ ನೇರ ಗೆರೆಯೊಂದನ್ನು ಎಳೆದು ಕೊಯ್ದು ನೋಡಿ. ಹಲಗೆಯನ್ನು ನೇರವಾಗಿ ತಳ್ಳಿದರೂ ಬ್ಲೇಡ್ ಗೆರೆ ಬಿಟ್ಟು ಒಂದು ಪಕ್ಕಕ್ಕೆ ಹೊರಳುತ್ತದೆ. ಗಾಬರಿ ಬೇಡ. ತಯಾರಿಕೆಯಲ್ಲಿ ಬ್ಲೇಡಿನ ಒಂದು ಪಕ್ಕಕ್ಕೆ ಲೋಹದ ಒರಟು ಅಂಚು ಉಳಿದಿರುತ್ತದೆ, ಆ ಪಕ್ಕ ಹೆಚ್ಚು ಚುರುಕಾಗಿ ಕೊಯ್ಯುತ್ತದೆ. ಹಲಗೆಯನ್ನು ನಾಲ್ಕೈದು ಡಿಗ್ರಿ ಓರೆ ಹಿಡಿದು ತಳ್ಳಿದರೆ ಗೆರೆ ನೇರವಾಗುತ್ತದೆ. ಎಷ್ಟು ಓರೆ, ಯಾವ ಕಡೆಗೆ ಎಂಬುದನ್ನು ಹತ್ತು ನಿಮಿಷದ ಅಭ್ಯಾಸದಲ್ಲಿ ಕೈಯೇ ಕಲಿತುಕೊಳ್ಳುತ್ತದೆ.

ಇನ್ನು ಕ್ರಮ. ಒಳಗಿನಿಂದ ಹೊರಕ್ಕೆ, ಸಣ್ಣದರಿಂದ ದೊಡ್ಡದಕ್ಕೆ, ಹೊರ ಅಂಚು ಕಟ್ಟಕಡೆಗೆ. ನನ್ನ ಮೊದಲ ಎಲೆಯಲ್ಲಿ ಆಕಾರ ಕಾಣುವ ಆತುರಕ್ಕೆ ಹೊರ ಅಂಚನ್ನೇ ಮೊದಲು ಕೊಯ್ದೆ. ಹಿಡಿಯಲು ಹಲಗೆಯೇ ಉಳಿಯಲಿಲ್ಲ. ಎರಡು ಬೆರಳಲ್ಲಿ ತೊಟ್ಟು ಹಿಡಿದು ಹತ್ತನೆಯ ಕಿಂಡಿ ಕೊಯ್ಯುತ್ತಿದ್ದಾಗ ಬ್ಲೇಡ್ ಮೇಲೇರುತ್ತ ಎಲೆಯನ್ನೂ ಎತ್ತಿ ಮೇಜಿಗೆ ಬಡಿಯಿತು, ಎರಡು ನರ ಹೋದವು. ಸುತ್ತ ಹಲಗೆ ಉಳಿದಿದ್ದಷ್ಟು ಹೊತ್ತು ಅದೇ ಎಲೆಗೆ ಚೌಕಟ್ಟು, ನಿಮ್ಮ ಕೈಗೆ ಹಿಡಿಕೆ.

ಬ್ಲೇಡಿನ ಮೇಲ್ತುದಿಯನ್ನು ಬಿಚ್ಚಿ ಮೊದಲ ಕಿಂಡಿಯ ತೂತಿನಲ್ಲಿ ತೂರಿಸಿ, ಬಿಗಿದು, ಮೀಟಿ ನೋಡಿ. ಯಂತ್ರದ ವೇಗ ಮಧ್ಯಮದಲ್ಲಿರಲಿ. ಎರಡೂ ಅಂಗೈಗಳು ಹಲಗೆಯ ಮೇಲೆ ಚಪ್ಪಟೆಯಾಗಿರಲಿ, ಬೆರಳುಗಳು ಬ್ಲೇಡಿನ ಎರಡು ಪಕ್ಕಗಳಲ್ಲಿರಲಿ, ಯಾವ ಬೆರಳೂ ಬ್ಲೇಡಿನ ನೇರ ಮುಂದೆ ಬಾರದಿರಲಿ. ಬಲವನ್ನು ಕೆಳಕ್ಕೆ, ಮೇಜಿನ ಕಡೆಗೆ ಹಾಕಿ, ಮುಂದಕ್ಕೆ ತಳ್ಳುವುದು ಬರಿಯ ನೆಪಮಾತ್ರ. ಕಣ್ಣು ಬ್ಲೇಡಿನ ಮೇಲಲ್ಲ, ಅದರ ಮುಂದಿನ ಅರ್ಧ ಸೆಂಟಿಮೀಟರ್ ಗೆರೆಯ ಮೇಲಿರಲಿ. ಗೆರೆ ತಪ್ಪಿದರೆ ಥಟ್ಟನೆ ಹಿಂದಿರುಗಬೇಡಿ. ಒಂದು ಸೆಂಟಿಮೀಟರ್ ದೂರದಲ್ಲಿ ಮೆಲ್ಲಗೆ ಗೆರೆಗೆ ಕೂಡಿಕೊಳ್ಳಿ. ಎಲೆಯ ನರ ತುಸು ಬಳುಕಿದರೆ ಯಾರಿಗೂ ತಪ್ಪಾಗಿ ಕಾಣದು, ತಟಕ್ಕನೆ ಮುರಿದ ಗೆರೆ ಮಾತ್ರ ದೂರದಿಂದಲೇ ಕಾಣುತ್ತದೆ.

ಚೂಪು ಮೂಲೆ ಬಂದಾಗ ಎಲ್ಲರೂ ಉಸಿರು ಹಿಡಿಯುತ್ತಾರೆ. ಮೂಲೆಯ ತುದಿ ಮುಟ್ಟಿದ ಕ್ಷಣ ಮುಂದಿನ ಒತ್ತಡವನ್ನು ಬಿಟ್ಟು, ಹಲಗೆಯನ್ನು ಕೂದಲೆಳೆಯಷ್ಟು ನಿಮ್ಮತ್ತ ಎಳೆದುಕೊಳ್ಳಿ. ಈಗ ಮರ ಬ್ಲೇಡಿನ ಬೆನ್ನಿಗೆ ತಾಗಿರುತ್ತದೆ, ಬೆನ್ನಿಗೆ ಹಲ್ಲಿಲ್ಲ. ಬ್ಲೇಡ್ ಆಡುತ್ತಿರುವಂತೆಯೇ ಹಲಗೆಯನ್ನು ಗಿರ್ರನೆ ತಿರುಗಿಸಿ ಹೊಸ ದಿಕ್ಕಿಗೆ ತಂದು ಮುಂದುವರಿಸಿ. ನಿಧಾನಿಸಿದರೆ ಮೂಲೆಯಲ್ಲಿ ಗುಂಡಿ ಬೀಳುತ್ತದೆ. ಧೈರ್ಯ ಸಾಲದಿದ್ದರೆ ಎರಡೂ ಕಡೆಯಿಂದ ಬಂದು ಮೂಲೆಯಲ್ಲಿ ಕೂಡಿಸುವ ದಾರಿಯಿದೆ, ಅಂಚು ಅಷ್ಟೇ ಚೊಕ್ಕಟವಾಗಿರುತ್ತದೆ.

ಕಿಂಡಿಗಳು ಹೆಚ್ಚಿದಂತೆ ಎಲೆ ನಡುಗತೊಡಗುತ್ತದೆ. ಏಳೆಂಟು ಕಿಂಡಿಗಳಾದ ಮೇಲೆ ಬಿದ್ದ ತುಂಡುಗಳನ್ನೇ ಅವುಗಳ ಕಿಂಡಿಯಲ್ಲಿ ಮತ್ತೆ ಕೂರಿಸಿ ಮೇಲೊಂದು ಟೇಪ್ ಹಾಕಿಕೊಳ್ಳಿ. ನಡುಕ ನಿಲ್ಲುತ್ತದೆ.

ಬ್ಲೇಡ್ ಯಾವಾಗ ಬದಲಿಸಬೇಕು? ನೀವು ತಳ್ಳುತ್ತಿದ್ದೀರಿ ಎಂದು ನಿಮಗೇ ಅರಿವಾದಾಗ. ಅಂಚು ಕಂದುವುದು, ಸುಟ್ಟ ವಾಸನೆ ಬರುವುದು ಇನ್ನೂ ತಡವಾದ ಸೂಚನೆಗಳು. ಇನ್ನೊಂದು ಉಪಾಯವಿದೆ. ಬಹಳಷ್ಟು ಯಂತ್ರಗಳಲ್ಲಿ ಬ್ಲೇಡಿನ ಏರಿಳಿತ 2 ಸೆಂ.ಮೀ. ಆಸುಪಾಸು, ತೆಳು ಹಲಗೆಗೆ ತಾಗುವುದು ಅಷ್ಟೇ ಹಲ್ಲುಗಳು. ಅವು ಮೊಂಡಾದ ಮೇಲೆ ಮೇಜಿನ ಮೇಲೆ ದಪ್ಪನೆಯ ಪ್ಲೈವುಡ್ ಹಾಸಿ ಅದರ ಮೇಲೆ ಕೆಲಸವಿಟ್ಟರೆ ಮೇಲಿನ ತಾಜಾ ಹಲ್ಲುಗಳು ಬಳಕೆಗೆ ಬರುತ್ತವೆ. ರಿವರ್ಸ್ ಹಲ್ಲಿನ ಬ್ಲೇಡಿನಲ್ಲಿ ಮಾತ್ರ ಮೇಲ್ಮುಖದ ಹಲ್ಲುಗಳ ಲಾಭ ಆಗ ಸಿಗುವುದಿಲ್ಲ.

ನರ ಮುರಿದರೆ ಎಸೆಯಬೇಡಿ. ತುಂಡನ್ನು ಹುಡುಕಿ ಮರದ ಅಂಟು ಸವರಿ ಜೋಡಿಸಿ, ಟೇಪ್ ಸುತ್ತಿ ಒಣಗಲು ಬಿಡಿ. ಉಕ್ಕಿದ ಅಂಟನ್ನು ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿ. ಅಂಟು ಉಳಿದ ಕಡೆ ಎಣ್ಣೆ ಹಿಡಿಯದೆ ಬಿಳಿ ಮಚ್ಚೆ ಮೂಡುತ್ತದೆ.

ಎಣ್ಣೆ, ಮತ್ತು ಎಣ್ಣೆಯ ಬಟ್ಟೆ

ಟೇಪ್ ಎಳೆಯುವಾಗ ನರದ ಉದ್ದಕ್ಕೂ ಎಳೆಯಿರಿ, ಅಡ್ಡಕ್ಕಲ್ಲ. ಕಿಂಡಿಗಳ ಒಳಗನ್ನು ಮರಳು ಕಾಗದದ ಪಟ್ಟಿಯಿಂದ ಹಗುರಾಗಿ ತೀಡಿ. ಜಾಲರಿಗೆ ಬ್ರಷ್‌ನಿಂದ ಎಣ್ಣೆ ಹಚ್ಚಿದರೆ ಮೂಲೆಗಳಲ್ಲಿ ಮಡುಗಟ್ಟುತ್ತದೆ, ಅದಕ್ಕಾಗಿ ಅಗಲದ ತಟ್ಟೆಯಲ್ಲಿ ಅಗಸೆ ಎಣ್ಣೆಯ ವಾರ್ನಿಷ್ ಸುರಿದು ಎಲೆಯನ್ನೇ ಅದ್ದಿ ತೆಗೆದು, ಸೋರಲು ಬಿಟ್ಟು, ಒರೆಸಿ.

ಒರೆಸಿದ ಬಟ್ಟೆಯ ಬಗ್ಗೆ ಎಚ್ಚರ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಒಣಗುತ್ತದೆ, ಆಗ ಶಾಖ ಹುಟ್ಟುತ್ತದೆ. ಮುದ್ದೆಮಾಡಿ ಮೂಲೆಗೆಸೆದ ಬಟ್ಟೆಯೊಳಗೆ ಆ ಶಾಖ ಸೇರುತ್ತ ಹೋಗಿ, ಕಿಡಿಯೇ ಇಲ್ಲದೆ ಬೆಂಕಿ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಹೊರಗೆ ಅಗಲವಾಗಿ ಹರಡಿ, ಗರಿಗರಿಯಾಗುವಂತೆ ಒಣಗಿಸಿದ ನಂತರವೇ ಎಸೆಯಿರಿ.

ಎಲೆಯ ನಂತರ

ಒಂದೇ ಎಲೆ ಹಲವು ಬೇಕಿದ್ದರೆ 3 ಮಿ.ಮೀ. ಹಲಗೆಗಳನ್ನು ಮೂರು ನಾಲ್ಕು ಪೇರಿಸಿ ಅಂಚಿಗೆ ಟೇಪ್ ಸುತ್ತಿ ಒಟ್ಟಿಗೆ ಕೊಯ್ಯಿರಿ. ಮೇಜಿನ ಲಂಬ ತಪ್ಪಿದ್ದರೆ ಕೆಳಗಿನ ಎಲೆ ಮೇಲಿನದಕ್ಕಿಂತ ಬೇರೆಯಾಗಿರುತ್ತದೆ. ಘನ ಆಕೃತಿಗಳದ್ದು ಇನ್ನೂ ಸೊಗಸಾದ ಕೆಲಸ. ಚೌಕ ಮರದ ಅಕ್ಕಪಕ್ಕದ ಎರಡು ಮುಖಗಳಿಗೆ ಚಿತ್ರ ಅಂಟಿಸಿ, ಒಂದು ಮುಖವನ್ನು ಕೊಯ್ದು, ತುಂಡುಗಳನ್ನು ಹಾಗೇ ಕೂಡಿಸಿ ಟೇಪ್ ಸುತ್ತಿ, ಮಗ್ಗುಲು ತಿರುಗಿಸಿ ಇನ್ನೊಂದು ಮುಖವನ್ನು ಕೊಯ್ಯುವುದು. ಟೇಪ್ ಬಿಚ್ಚಿದಾಗ ಸಿಪ್ಪೆಯಂತೆ ಹೊರಗಿನ ತುಂಡುಗಳು ಕಳಚಿ ಒಳಗಿಂದ ಹಕ್ಕಿಯೋ ಕುದುರೆಯೋ ಹೊರಬರುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಆ ಗಳಿಗೆಯ ಸಂತೋಷ ಕಡಿಮೆಯಾಗಿಲ್ಲ.

ಈ ಹವ್ಯಾಸದವರು ಚಿತ್ರಗಳನ್ನು ಧಾರಾಳವಾಗಿ ಹಂಚಿಕೊಳ್ಳುತ್ತಾರೆ. ನಿಮ್ಮ ಎಲೆಯ ಚಿತ್ರವನ್ನೂ ಕೊಡಿ, ಆದರೆ ಬರಿ ಚಿತ್ರ ಕೊಡಬೇಡಿ. ಯಾವ ಮರ, ಎಷ್ಟು ದಪ್ಪ, ಯಾವ ಸಂಖ್ಯೆಯ ಬ್ಲೇಡ್, ಕಿಂಡಿಗಳನ್ನು ಯಾವ ಕ್ರಮದಲ್ಲಿ ತೆಗೆದಿರಿ ಎಂದು ಅಂಚಿನಲ್ಲಿ ಬರೆಯಿರಿ. ನರ ಮುರಿದಿದ್ದರೆ ಆ ಜಾಗಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಮುಂದೆ ಕೊಯ್ಯುವವರು ಅಲ್ಲಿ ಒಂದು ಮಿಲಿಮೀಟರ್ ದಪ್ಪ ಬಿಟ್ಟುಕೊಳ್ಳುತ್ತಾರೆ.